ಮಂತ್ರಿಯ ಹೆಂಡತಿ ನನ್ನ ತಂಗಿ

ನನ್ನ ತಂಗಿ ಮೊದಲ ಸಲ ಮೋಟಾರಿನಲ್ಲಿ ನಮ್ಮ ಮನೆಗೆ ಬಂದಾಗ ನಾನು ಹಸಿ ಕಟ್ಟಿಗೆ ಊದುತ್ತ ಒಲೆಯ ಮುಂದೆ ಕೂತಿದ್ದೆ. ಪುಣೆಯ ಶನಿವಾರ ಪೇಟೆಯ, ಹತ್ತಾರು ಬಾಡಿಗೆ ಸಂಸಾರಗಳಿದ್ದ ಆ ವಾಡೆಯಲ್ಲಿ ಮಳೆಗಾಲ ಬಂತೆಂದರೆ ಕಟ್ಟಿಗೆ ಹೊತ್ತುತ್ತಿರಲಿಲ್ಲ. ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು. ನಮ್ಮ ಓಣಿಯೊಳಗೆ ಮೋಟಾರು ಹಿಡಿಸುವುದಿಲ್ಲ. ಅದಕ್ಕೆ ಅದು ಬೀದಿಯ ಮೂಲೆಯಲ್ಲೇ ನಿಂತಿತ್ತು. ಕೆಂಪು ಪಟ್ಟಿ ಕಟ್ಟಿದ ಸರ್ಕಾರಿ ಜವಾನ, ಪಟ್ಟೇವಾಲನೊಬ್ಬ ಬಂದು ಅಂಗಳದಲ್ಲಿ ನಿಂತು, ಮಂತ್ರಿಸಾಹೇಬರ ಬಾಯಿಸಾಹೇಬರು ಬಂದಿದ್ದಾರೆ ಎಂದು ಮರಾಠಿಯಲ್ಲಿ ಕೂಗಿದ. ವಾಡೆಯ ಎಲ್ಲ ಕಿಟಕಿಗಳಲ್ಲೂ ತಲೆಗಳು ಕಂಡವು. ಹಿಂದೆಯೇ ಸೀರೆಯ ನಿರಿಗೆ ಎತ್ತಿ ಹಿಡಿದುಕೊಂಡು, ಕೆಸರು ದಾಟುತ್ತ ನನ್ನ ತಂಗಿ ಬಂದಳು.

"ಅಕ್ಕಾ, ಎಷ್ಟು ಹೊಗಿ ಅದ ಇಲ್ಲಿ!" ಅಂದಳು.

ಆಕೆ ಪ್ರೀತಿಯಿಂದಲೇ ಅಂದಳು. ನನಗೆ ಮಾತ್ರ ಆ ಮಾತು ಸೂಜಿಯ ಹಾಗೆ ಚುಚ್ಚಿತು. ಹಿಂದಿನ ವರ್ಷದವರೆಗೂ ಆಕೆಯ ಮನೆಯ ಹೊಗೆ ನಮ್ಮ ಮನೆಯದಕ್ಕಿಂತ ಹೆಚ್ಚು ಕಪ್ಪಾಗಿತ್ತು.

ಇದು ಹೇಗೆ ಬದಲಾಯಿತೆಂದು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ನಾವಿಬ್ಬರೇ ಅಕ್ಕತಂಗಿಯರು. ಅಪ್ಪ ಧಾರವಾಡದ ಕಡೆ ಸಾಲಿ ಮಾಸ್ತರರು. ನಾನು ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದ ವರ್ಷವೇ ನನ್ನನ್ನು ಪುಣೆಯ ಸರ್ಕಾರಿ ಕಚೇರಿಯ ಗುಮಾಸ್ತರೊಬ್ಬರಿಗೆ ಕೊಟ್ಟರು. ಮುಂದೆ ಅವರು ಹೆಡ್ ಕ್ಲಾರ್ಕ್ ಆದರು. ಪ್ರಾಂತದ ಶಾಲೆಗಳ ಅರ್ಜಿ, ಅನುದಾನ, ಮಾಸ್ತರರ ಬದಲಿ, ಎಲ್ಲವೂ ಅವರ ಮೇಜಿನ ಮೇಲೆ ಹಾದುಹೋಗುತ್ತಿತ್ತು. ತಂಗಿಯನ್ನು ಕೊಟ್ಟದ್ದು ವಕೀಲನಿಗೆ. ಕೊಡುವಾಗ ಅವಳೇ ಅದೃಷ್ಟವಂತೆ ಎಂದಿದ್ದರು ಎಲ್ಲರೂ. ಆದರೆ ಉಪ್ಪಿನ ಚಳವಳಿಯ ಕಾಲಕ್ಕೆ ಆತ ಕರಿ ಕೋಟು ಬಿಚ್ಚಿಟ್ಟು ಜೈಲಿಗೆ ಹೋದ. ಹೊರಗೆ ಬಂದ, ಮತ್ತೆ ಹೋದ. ತಂಗಿ ಮಗುವನ್ನು ಕಟ್ಟಿಕೊಂಡು ಅತ್ತೆಮನೆಗೂ ತೌರುಮನೆಗೂ ಓಡಾಡಿದಳು. ದೀಪಾವಳಿಗೆ ನಾನು ಊರಿಗೆ ಹೋದಾಗ ನನ್ನ ಒಂದೆರಡು ಹಳೇ ಇಳಕಲ್ ಸೀರೆ ಅವಳಿಗೆ ಕೊಡುತ್ತಿದ್ದೆ. ನಮ್ಮ ಮನೆಯಲ್ಲಿ ಅವಳ ಹೆಸರು ಬಂದಾಗಲೆಲ್ಲ ಮೊದಲು "ಪಾಪ" ಅನ್ನುವ ಮಾತು ಬರುತ್ತಿತ್ತು. ಆ ಮಾತು ಕೇಳಲು ನನಗೆ ಹಿತವಾಗಿಯೇ ಇರುತ್ತಿತ್ತು.

ಮೂವತ್ತೇಳನೇ ಇಸವಿಯಲ್ಲಿ ಚುನಾವಣೆ ಆಯಿತು. ತಂಗಿಯ ಗಂಡ ನಿಂತು ಗೆದ್ದರು. ಗೆದ್ದವರು ಬಹಳ ಮಂದಿ ಇದ್ದರು, ಅದನ್ನು ನಾನು ದೊಡ್ಡದೆಂದು ತಿಳಿಯಲಿಲ್ಲ. ಕೆಲವು ತಿಂಗಳಾದ ಮೇಲೆ ಒಂದು ಸಂಜೆ ನಮ್ಮವರು ಕಚೇರಿಯಿಂದ ಬಂದು ರುಮಾಲು ಗೂಟಕ್ಕೆ ಹಾಕುತ್ತ ಅಂದರು, "ನನ್ನ ಷಡ್ಡಕ ಮಂತ್ರಿ ಆದ."

"ಯಾರು?"

"ನಿನ್ನ ತಂಗಿ ಗಂಡ. ಗವರ್ನರು ಹೆಚ್ಚು ಮಂದಿ ಇರೋ ಪಕ್ಷದ ಮುಖಂಡನ್ನ ಕರದ್ರು. ಆ ಮುಖಂಡ ನಮ್ಮ ಪ್ರಾಂತದ ಪ್ರಧಾನಿ ಆದ್ರು. ಉಳದ ಮಂತ್ರಿಗಳನ್ನ ಅವರೇ ಆರಿಸ್ಕೊಂಡ್ರು. ಆ ಯಾದಿಯೊಳಗ ಇವನೂ ಇದ್ದಾನ. ಸಾಲಿ ಖಾತೆ."

"ಅಂದ್ರ ನಿಮ್ಮ ಖಾತೆ?"

"ನಮ್ಮ ಖಾತೆ" ಎಂದು ನಕ್ಕರು. "ಇನ್ನ ಮುಂದ ನನ್ನ ಫೈಲು ಅವನ ಮೇಜಿಗೆ ಹೋಗ್ತದ."

ಅವರು ನಿಜವಾಗಿಯೂ ಸಂತೋಷಪಟ್ಟರು. ಮನೆಯಲ್ಲಿ ಬೆಲ್ಲ ಇದ್ದರೆ ಏನಾದರೂ ಸಿಹಿ ಮಾಡು ಅಂದರು. ಬೆಲ್ಲ ಇತ್ತು. ನಾನು ಇಲ್ಲ ಅಂದೆ.

ಆ ದಿನಗಳಲ್ಲಿ ಮುಂಬಯಿ ಸರ್ಕಾರ ಮಳೆಗಾಲಕ್ಕೆ ಪುಣೆಗೆ ಬರುತ್ತಿತ್ತು. ಮಂತ್ರಿಗಳು, ಸೆಕ್ರೆಟರಿಗಳು, ಪೆಟ್ಟಿಗೆಗಟ್ಟಲೆ ಕಾಗದಪತ್ರ, ಎಲ್ಲವೂ ಬಂದು ಕೌನ್ಸಿಲ್ ಹಾಲಿನಲ್ಲಿ ಶಾಸನಸಭೆ ನಡೆಯುತ್ತಿತ್ತು. ಹೀಗಾಗಿ ನನ್ನ ಹೊಟ್ಟೆಕಿಚ್ಚಿಗೂ ಒಂದು ಋತು ಇತ್ತು. ಜೂನಿನ ಮೋಡದ ಜೊತೆ ಅದು ಬರುತ್ತಿತ್ತು.

ತಂಗಿಗೆ ದಂಡಿನ ಕ್ಯಾಂಪಿನ ಆಚೆ ಬಂಗಲೆ ಕೊಟ್ಟಿದ್ದರು. ಸುತ್ತ ಹುಲ್ಲು, ಮುಂದೆ ಗುಲಾಬಿ, ಒಳಗೆ ಟೆಲಿಫೋನು. ನಾನು ಹೋಗಿ ಕೂತಾಗ ಅದು ಗಣಗಣಿಸಿತೆಂದರೆ ತಂಗಿ ಎದ್ದು ಹೋಗಿ ಕಿವಿಗಿಟ್ಟುಕೊಂಡು ಮರಾಠಿಯಲ್ಲಿ "ಸಾಹೇಬರು ಸಭೆಗೆ ಹೋಗಿದ್ದಾರೆ" ಎಂದು ಹೇಳುತ್ತಿದ್ದಳು. ನನಗಿಂತ ಮರಾಠಿ ಕಡಿಮೆ ಬರುತ್ತಿತ್ತು ಅವಳಿಗೆ. ಪುಲ್ಲಿಂಗ ಸ್ತ್ರೀಲಿಂಗ ಅದಲುಬದಲು ಮಾಡುತ್ತಿದ್ದಳು. ಆಚೆ ಕಡೆಯವರು ತಿದ್ದುತ್ತಿರಲಿಲ್ಲ, ನಾನು ಮಾತ್ರ ಮನಸ್ಸಿನಲ್ಲೇ ತಿದ್ದುತ್ತಿದ್ದೆ.

ಒಂದು ದಿನ ನಮ್ಮವರು ಊಟ ಮಾಡುತ್ತ, ಇವತ್ತು ಮಂತ್ರಿಗಳ ಕೋಣೆಗೆ ಹೋಗಿದ್ದೆ ಎಂದರು. ಯಾವುದೋ ಹಳೆಯ ಕಾಗದದ ಬಗ್ಗೆ ತಿಳಿದವರು ಬೇಕೆಂದು ಸೆಕ್ರೆಟರಿ ಸಾಹೇಬ ಇವರನ್ನು ಜೊತೆಗೆ ಕರೆದುಕೊಂಡು ಹೋಗಿದ್ದನಂತೆ.

"ಅವರು ಕೂತಿದ್ರೇನು? ನೀವು ನಿಂತಿದ್ರೇನು?" ಎಂದು ಕೇಳಿದೆ.

"ಸಾಹೇಬನೂ ನಿಂತಿದ್ದ. ಆಮ್ಯಾಲೆ ಕೂಡ್ರಿ ಅಂದ್ರು, ಕೂತ್ವಿ." ಅವರಿಗೆ ನಗು. "ಒಂದು ಮಜಾ ಹೇಳ್ತೀನಿ ಕೇಳು. ಆ ಇಂಗ್ಲಿಷ್ ಸಾಹೇಬ ಹಿಂದ ಕಲೆಕ್ಟರ್ ಇದ್ದಾಗ ಚಳವಳಿಯವರನ್ನ ಹಿಡಿಹಿಡಿದು ಜೈಲಿಗೆ ಹಾಕಿಸಿದವ. ಇವತ್ತು ಅವರೊಳಗಿನವನ ಮುಂದ ಫೈಲು ತಗದು, ಇದು ಹಿಂಗ್ ಮಾಡಬಾರದು ಸರ್, ಅಂತ ಸಮಜಾಯಿಸ್ತಾನ. ಷಡ್ಡಕ ಎಲ್ಲಾ ಕೇಳಿ, ನಿಮ್ಮ ಮಾತು ತಿಳೀತು, ಆದರ ಹಿಂಗ ಮಾಡೋದು, ಅಂದ. ಸಾಹೇಬ 'ಯಸ್ ಸರ್' ಅಂದು, ಹೊರಗ ಬಂದು, ಹಂಗ ಆರ್ಡರ್ ಬರಸಿದ."

"ಸಿಟ್ಟು ಬರಲಿಲ್ಲ ಅವಗ?"

"ಬರಬಹುದು. ಆದರ ಅವನ ಕೆಲಸ ಸಲಹಾ ಕೊಡೋದು. ಠರಾವ್ ಮಾಡೋದು ಮಂತ್ರಿ ಕೆಲಸ. ಠರಾವ್ ಆದ ಮ್ಯಾಲೆ ಅದನ್ನ ನಡಸೋದು ಮತ್ತ ನಮ್ಮ ಕೆಲಸ."

ನಾನು ಕೇಳಬೇಕಾಗಿದ್ದದ್ದು ಅದಲ್ಲ. ಎರಡು ಮದುವೆ ಒಂದೇ ಅಂಗಳದಲ್ಲಿ ಆಗಿದ್ದವು. ಒಬ್ಬ ಅಳಿಯ ಕೂತಿದ್ದ, ಇನ್ನೊಬ್ಬ ಅಳಿಯ ಫೈಲು ಹಿಡಿದು ನಿಂತಿದ್ದ. ಮಜ್ಜಿಗೆ ಅನ್ನ ಕಲಸಿದ್ದೆ, ಉಣ್ಣಲಿಲ್ಲ.

ಪುಣೆಯ ಪೇಟೆಗಳಲ್ಲಿ ಆಗ ನಮ್ಮ ಕಡೆಯ ಸಂಸಾರಗಳು ಸಾಕಷ್ಟಿದ್ದವು. ಕಚೇರಿಯವರು, ಅರಿವೆ ಅಂಗಡಿಯವರು, ದಕ್ಷಿಣ ಕನ್ನಡದಿಂದ ಬಂದು ಖಾನಾವಳಿ ಇಟ್ಟವರು. ನಾವು ಹೆಂಗಸರು ಶನಿವಾರ ಒಬ್ಬೊಬ್ಬರ ಮನೆಯಲ್ಲಿ ಸೇರಿ ದಾಸರ ಪದ ಹಾಡುತ್ತಿದ್ದೆವು. ಹಾಡು ಮುಗಿದ ಮೇಲೆ ಎಲ್ಲರದೂ ಒಂದೇ ಗೋಳು. ಮಕ್ಕಳು ಮನೆಯಲ್ಲಿ ಕನ್ನಡ ಆಡುತ್ತವೆ, ಓದಲಿಕ್ಕೆ ಬರುವುದಿಲ್ಲ. ಅಜ್ಜನ ಕಾಗದ ಬಂದರೆ ಅಪ್ಪನ ಕೈಗೆ ಕೊಡುತ್ತವೆ. ಒಬ್ಬ ನಿವೃತ್ತ ಮಾಸ್ತರರು ಒಂದು ಪಡಸಾಲೆಯಲ್ಲಿ ಕನ್ನಡ ಕಲಿಸಲು ಶುರುಮಾಡಿದ್ದರು. ಮಳೆ ಬಂದರೆ ಅಲ್ಲಿ ಸೋರುತ್ತಿತ್ತು. ಸರ್ಕಾರ ಅದನ್ನು ಶಾಲೆಯೆಂದು ಒಪ್ಪಿ ಅನುದಾನ ಕೊಟ್ಟರೆ ಒಂದು ಮನೆ ಹಿಡಿಯಬಹುದಿತ್ತು, ಮತ್ತೊಬ್ಬ ಮಾಸ್ತರರನ್ನು ಇಡಬಹುದಿತ್ತು.

"ವೈನಿ, ನಿಮ್ಮ ಕೈಯಾಗೇ ಅದಲ್ರಿ" ಅಂದರು ಎರಡನೆಯ ಮಳೆಗಾಲದ ಒಂದು ಶನಿವಾರ ಅರಿವೆ ಅಂಗಡಿಯವರ ಮನೆಯಾಕೆ. "ತಂಗಿ ಗಂಡ ಮಂತ್ರಿ. ಒಂದು ಸಹಿ ಹಾಕಿದ್ರ ಆತು."

ಎಲ್ಲರೂ ನನ್ನ ಕಡೆ ತಿರುಗಿದರು. ಎಷ್ಟೋ ತಿಂಗಳ ಮೇಲೆ ಮೊದಲ ಸಲ ತಂಗಿಯ ಭಾಗ್ಯದಲ್ಲಿ ನನಗೊಂದು ಪಾಲು ಸಿಕ್ಕಂತಾಯಿತು. "ಅದೇನು ದೊಡ್ಡ ಮಾತ್ರಿ? ಶ್ರಾವಣದೊಳಗ ಆಗ್ತದ" ಅಂದುಬಿಟ್ಟೆ.

ಮರುದಿನವೇ ಟಾಂಗಾ ಮಾಡಿಕೊಂಡು ಬಂಗಲೆಗೆ ಹೋದೆ. ತಂಗಿ ಕೇಳಿದ ಕೂಡಲೆ ಮುಖ ಸಣ್ಣದು ಮಾಡಿದಳು. "ಅಕ್ಕಾ, ಅದು ಒಬ್ಬರ ಸಹಿಯಿಂದ ಆಗೂ ಕೆಲಸ ಅಲ್ಲಂತ. ನೀನೇ ಅವರನ್ನ ಕೇಳು" ಅಂದಳು. ಸಂಜೆಯವರೆಗೆ ಕಾದೆ. ಆತ ಬಂದರು. ಖಾದಿ ಅಂಗಿ ಮುದುಡಿತ್ತು, ಬಹಳ ದಣಿದಿದ್ದರು. ಆದರೂ ನನ್ನೆದುರು ಕೂತು ಎಲ್ಲ ಕೇಳಿದರು. ಎಷ್ಟು ಹುಡುಗರು, ಹೆಣ್ಣುಮಕ್ಕಳು ಬರುತ್ತಾರೆಯೇ, ಮಾಸ್ತರರು ಎಲ್ಲಿಯವರು ಎಂದು ವಿಚಾರಿಸಿದರು. ಕೊನೆಗೆ ಅಂದರು, "ಅರ್ಜಿ ಕಚೇರಿ ಮೂಲಕ ಬರ್ಲಿ ಅಕ್ಕಾವ್ರ. ನಾ ಪೂರಾ ಓದ್ತೀನಿ. ಕೈಲಾದದ್ದು ಮಾಡ್ತೀನಿ. ಆದರ ಮಾತು ಕೊಡಂಗಿಲ್ಲ."

"ನಿಮ್ಮ ಖಾತೆ, ನೀವೇ ಮಂತ್ರಿ. ಮಾತು ಕೊಡ್ಲಿಕ್ಕೆ ಯಾರನ್ನ ಕೇಳಬೇಕ್ರಿ?"

"ಭಾಳ ಮಂದಿನ್ನ" ಅಂದರು. "ರೊಕ್ಕ ಕೇಳಿದ್ರ ಹಣಕಾಸಿನ ಖಾತೆ ಕೇಳ್ತದ. ಇಲ್ಲಿ ಕೊಟ್ಟರ ಸೊಲ್ಲಾಪುರಕ್ಕ ಯಾಕಿಲ್ಲ, ಕರಾಡಕ್ಕ ಯಾಕಿಲ್ಲ ಅಂತ ಬರ್ತದ. ಹಂಗ ಬಂತಂದ್ರ ಅದು ಮಂತ್ರಿಮಂಡಳದ ಮುಂದ ಹೋಗ್ತದ. ಅಲ್ಲಿ ನಾ ಒಬ್ಬ."

ತಂಗಿಯ ಗಂಡನ ಬಾಯಿಂದ ಬಂದ ಈ ವಿನಯ ನನಗೆ ಸೊಕ್ಕಿನಂತೆ ಕೇಳಿಸಿತು. ಕೊಡುವ ಮನಸ್ಸಿಲ್ಲದವರು ಲೆಕ್ಕ ಹೇಳುತ್ತಾರೆ ಅಂದುಕೊಂಡು ಎದ್ದು ಬಂದೆ. ತಂಗಿ ಮೋಟಾರಿನಲ್ಲಿ ಬಿಡಿಸುತ್ತೇನೆಂದಳು. ಬೇಡವೆಂದು ನಡೆದೇ ಬಂದೆ. ಅರ್ಧ ದಾರಿಗೆ ಮಳೆ ಹಿಡಿಯಿತು.

ಅರ್ಜಿ ಹೋಯಿತು. ಅದು ಮೊದಲು ಬಂದದ್ದು ನನ್ನ ಗಂಡನ ಮೇಜಿಗೇ. ಅದು ನನಗೆ ಗೊತ್ತಿತ್ತು. "ಎಲ್ಲಿಗೆ ಬಂತ್ರಿ?" ಅಂದರೆ "ನಡದದ" ಅನ್ನುವರು. "ನೀವೇನು ಬರದ್ರಿ?" ಅಂದರೆ "ಕಚೇರಿ ಮಾತು ಕಚೇರಿಯೊಳಗ" ಅನ್ನುವರು. ಶ್ರಾವಣ ಹೋಯಿತು. ಗಣಪತಿ ಬಂದು ನೀರಿಗೆ ಹೋದ. ಶನಿವಾರದ ಹಾಡಿನ ನಡುವೆ ಯಾರಾದರೂ ಕೆಮ್ಮಿದರೂ ನನ್ನನ್ನು ಕೇಳಿದಂತೆ ಆಗುತ್ತಿತ್ತು.

ನಮ್ಮ ಕಡೆಯ ಸದಸ್ಯರೊಬ್ಬರು, ಮಂತ್ರಿಗಳ ಪಕ್ಷಕ್ಕೆ ಸೇರದವರು, ಸಭೆಯಲ್ಲಿ ಈ ವಿಷಯದ ಪ್ರಶ್ನೆ ಕೇಳುವವರಿದ್ದಾರೆ ಎಂದು ಸುದ್ದಿ ಬಂತು. ನಮ್ಮ ಹೆಂಗಸರೆಲ್ಲ ನೋಡಬೇಕೆಂದರು. ತಂಗಿಯೇ ಪಾಸು ಕಳಿಸಿದಳು, ಅವಳೂ ಬಂದಳು. ಮೇಲಿನ ಗ್ಯಾಲರಿಯಲ್ಲಿ ಮುಂದಿನ ಸಾಲಿನಲ್ಲಿ ನಾನೂ ಅವಳೂ, ಹಿಂದೆ ಆರೇಳು ಮಂದಿ. ನಾನು ಅದಕ್ಕೂ ಮೊದಲು ಆ ಕಟ್ಟಡದ ಒಳಗೆ ಹೋಗಿರಲಿಲ್ಲ. ನಡುವೆ ಎತ್ತರದ ಕುರ್ಚಿಯಲ್ಲಿ ಸಭಾಪತಿ. ಅವರ ಬಲಕ್ಕೆ ಮುಂದಿನ ಬೆಂಚಿನಲ್ಲಿ ಮಂತ್ರಿಗಳು. ಅವರ ಬೆನ್ನಿಗೆ ಅವರ ಪಕ್ಷದವರು, ಎದುರಿಗೆ ವಿರೋಧದವರು. ನಮ್ಮವರು ಹೇಳುತ್ತಿದ್ದ "ಬೆಂಬಲ" ಅನ್ನುವುದು ಏನೆಂದು ಅಲ್ಲಿ ಕಣ್ಣಿಗೆ ಕಂಡಿತು. ಆ ಹಿಂದಿನ ಬೆಂಚಿನವರು ಎದ್ದು ಎದುರಿನ ಬೆಂಚುಗಳಿಗೆ ಹೋಗಿ ಕೂತರೆ ಮುಂದಿನ ಬೆಂಚಿನವರು ಮಂತ್ರಿಗಳಾಗಿ ಉಳಿಯುವುದಿಲ್ಲ.

ಪ್ರಶ್ನೆ ಬಂತು. ತಂಗಿಯ ಗಂಡ ಎದ್ದು ನಿಂತರು. ಇಂಗ್ಲಿಷಿನಲ್ಲಿ ಓದಿದರು. ನನಗೆ ಅರ್ಧ ತಿಳಿಯಿತು, ಉಳಿದದ್ದನ್ನು ಹಿಂದೆ ಕೂತ ಕಾಲೇಜು ಹುಡುಗಿಯೊಬ್ಬಳು ಪಿಸುಗುಟ್ಟಿದಳು. ಹೆಂಡದ ಅಂಗಡಿಗಳನ್ನು ಮುಚ್ಚಿಸುತ್ತಿರುವುದರಿಂದ ಸರ್ಕಾರದ ಆದಾಯ ಇಳಿಯಲಿದೆ. ಪ್ರದೇಶದ ಭಾಷೆಯಲ್ಲದ ಭಾಷೆಯ ಹೊಸ ಶಾಲೆಗಳಿಗೆ ಈ ಸಲ ಅನುದಾನ ಕೊಡಬಾರದೆಂದು ಸರ್ಕಾರ ತೀರ್ಮಾನಿಸಿದೆ.

ಕೇಳಿದ ಸದಸ್ಯರು ಮತ್ತೆ ಎದ್ದರು. "ಮಂತ್ರಿಗಳ ಮಾತೃಭಾಷೆಯೂ ಕನ್ನಡವೇ. ಈ ತೀರ್ಮಾನದ ಬಗ್ಗೆ ಅವರ ಸ್ವಂತ ಅಭಿಪ್ರಾಯವೇನು?"

ಎದುರಿನ ಬೆಂಚುಗಳಲ್ಲಿ ನಗು ಎದ್ದಿತು. ಆತ ಕಾಗದ ಕೆಳಗಿಟ್ಟರು. "ಸರ್ಕಾರದ ಅಭಿಪ್ರಾಯವೇ ನನ್ನ ಅಭಿಪ್ರಾಯ" ಎಂದರು. ಕೂತರು.

ನನ್ನ ಬೆನ್ನ ಹಿಂದೆ ಅರಿವೆ ಅಂಗಡಿಯಾಕೆ ಸೀರೆ ಸರಿಮಾಡಿಕೊಂಡು ಎದ್ದರು. ನಾನು ತಂಗಿಯ ಕಡೆ ನೋಡಿದೆ. ಅವಳು ತೊಡೆಯ ಮೇಲಿನ ಕೈಗಳನ್ನೇ ನೋಡುತ್ತಿದ್ದಳು, ಬಳೆಗಳನ್ನು ಗಟ್ಟಿಯಾಗಿ ಹಿಡಿದಿದ್ದಳು.

ಮೆಟ್ಟಿಲು ಇಳಿಯುವಾಗ ನನಗೆ ತಡೆಯಲಾಗಲಿಲ್ಲ. "ಓಟು ಕೇಳ್ಲಿಕ್ಕೆ ಬಂದಾಗ ಕನ್ನಡ ಬೇಕಿತ್ತು. ಈಗ ಬ್ಯಾಡಾತೇನು?"

"ಅಕ್ಕಾ, ನೀ ಏನರೆ ಅನ್ನು" ಅಂದಳು ಅವಳು. "ನಾ ಏನೂ ಹೇಳೂಹಂಗಿಲ್ಲ."

ಕೇಳಿಸಿಕೊಂಡು ಸುಮ್ಮನಿರಬಹುದಾಗಿತ್ತು. ಆದರೆ "ಹೇಳೂಹಂಗಿಲ್ಲ" ಅನ್ನುವ ಮಾತು ಟೆಲಿಫೋನಿಗಿಂತ, ಮೋಟಾರಿಗಿಂತ ಹೆಚ್ಚು ಸುಟ್ಟಿತು. ಹೇಳಬಾರದ ವಿಷಯವೊಂದು ಅವಳ ಹತ್ತಿರ ಇತ್ತು. ನನ್ನ ಹತ್ತಿರ ಅಂಥದೇನಿತ್ತು? ಉಪ್ಪಿನಕಾಯಿಯ ಹದ ಬಿಟ್ಟರೆ ಹೇಳಬಾರದ್ದೇನೂ ಇರಲಿಲ್ಲ. ಮನೆಗೆ ಬಂದು ಗಂಡನನ್ನು ಕೇಳಿದರೆ ಅಲ್ಲೂ ಅದೇ ಬಾಯಿಬೀಗ. ತಂಗಿ, ಅವಳ ಗಂಡ, ನನ್ನ ಗಂಡ, ಮೂವರೂ ಒಂದು ಬಾಗಿಲ ಒಳಗಿದ್ದರು. ನಾನೊಬ್ಬಳೇ ಹೊರಗೆ.

ಮುಂದಿನ ಮಳೆಗಾಲ ಪೂರ್ತಿ ಬಂಗಲೆಗೆ ಹೋಗಲಿಲ್ಲ. ಗೌರಿಗೆ ಕರೆಯಲು ಪಟ್ಟೇವಾಲ ಬಂದ, ತಲೆನೋವೆಂದು ಹೇಳಿ ಕಳಿಸಿದೆ. ಅರಿವೆ ಅಂಗಡಿಯಾಕೆ ಹೋಗಿ ಬಂದು, ಬೆಳ್ಳಿಯ ಮುಖದ ಗೌರಿ, ಸಾಹೇಬರ ಹೆಂಡಂದಿರೂ ಬಂದಿದ್ದರು ಎಂದು ವರ್ಣಿಸಿದರು. ನನಗೆ ಬಂದ ತಲೆನೋವು ಆಮೇಲೆ ನಿಜವೇ ಆಯಿತು.

ಆ ವರ್ಷವೇ ನಾನು ಗಂಡನಿಂದ ರಾಜಕಾರಣ ಕಲಿತದ್ದು. ಬೇರೆಯವರು ದೇಶಭಕ್ತಿಯಿಂದ ಕಲಿತರು, ನಾನು ಹೊಟ್ಟೆಕಿಚ್ಚಿನಿಂದ ಕಲಿತೆ. ಎಲೆ ಅಡಿಕೆ ಹಾಕುವ ಹೊತ್ತಿಗೆ ಕೇಳುತ್ತಿದ್ದೆ.

"ಒಂದು ಸರ್ಕಾರ ಬೀಳೂದು ಹೆಂಗ್ರಿ?"

"ಸಭಾದೊಳಗ ಹೆಚ್ಚು ಮಂದಿ ಇವರ ಮ್ಯಾಲೆ ನಮಗ ವಿಶ್ವಾಸ ಇಲ್ಲ ಅಂದ್ರ ಬೀಳ್ತದ. ಬಜೆಟ್ಟಿಗೆ ಒಪ್ಪದಿದ್ರ ಬೀಳ್ತದ."

"ಒಬ್ಬ ಮಂತ್ರಿನ್ನಷ್ಟೇ ತಗೀಲಿಕ್ಕೆ ಬರಂಗಿಲ್ಲೇನು?"

"ಪ್ರಧಾನಿ ಬೇಕಂದ್ರ ರಾಜೀನಾಮೆ ಕೇಳಬಹುದು." ಅವರು ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. "ಯಾಕ? ಕೆಡವೋ ವಿಚಾರ ಏನರೆ ಅದ ಏನು?"

"ನಾ ಯಾಕ ಕೆಡವ್ಲಿ" ಅಂದೆ. ಆದರೆ ಪ್ರತಿ ಅಧಿವೇಶನಕ್ಕೂ ಮುಂಚೆ, ಈ ಸಲವಾದರೂ ಆ ಹಿಂದಿನ ಬೆಂಚಿನವರು ಎದ್ದು ಎದುರಿಗೆ ಹೋದಾರೇ ಎಂದು ದೇವರ ಮುಂದೆ ದೀಪ ಹಚ್ಚುವಾಗ ಅನ್ನಿಸದೆ ಇರಲಿಲ್ಲ. ದೇವರಿಗೆ ಅಂಥ ಪ್ರಾರ್ಥನೆ ಹೊಸದಾಗಿರಬೇಕು.

ಕೊನೆಗೆ ಸರ್ಕಾರ ಹೋದದ್ದು ನಾನು ಕೇಳಿಕೊಂಡಂತೆ ಅಲ್ಲ. ಮೂವತ್ತೊಂಬತ್ತರಲ್ಲಿ ಯುದ್ಧ ಶುರುವಾಯಿತು. ಇಲ್ಲಿಯವರನ್ನು ಒಂದು ಮಾತೂ ಕೇಳದೆ ವೈಸರಾಯ್ ಈ ದೇಶವೂ ಯುದ್ಧದಲ್ಲಿದೆ ಎಂದು ಸಾರಿದ. ಆರಿಸಿ ಬಂದ ಮಂತ್ರಿಮಂಡಳಗಳು ಅದನ್ನು ಒಪ್ಪದೆ ಕುರ್ಚಿ ಬಿಟ್ಟವು. ದೀಪಾವಳಿ ಇನ್ನೂ ಬಂದಿರಲಿಲ್ಲ. ನಮ್ಮವರು ಬಂದು ಸುದ್ದಿ ಹೇಳಿ, "ನಡಿ, ಹೋಗಿ ಬರೋಣು. ಅವರು ಊರಿಗೆ ಹೊರಡ್ತಾರ" ಅಂದರು. ಈ ಸಲ ಇಲ್ಲ ಅನ್ನಲಿಲ್ಲ. ನೋಡುವ ಆಸೆ ನನಗೂ ಇತ್ತು.

ಬಂಗಲೆಯಲ್ಲಿ ಟ್ರಂಕುಗಳು ಆಗಲೇ ಕಟ್ಟಿದ್ದವು. ಮಳೆಗಾಲ ಮುಗಿದು ಮುಂಬಯಿಗೆ ಹೊರಡಲೆಂದು ಕಟ್ಟಿದ್ದವೇ, ಈಗ ಊರಿನ ದಾರಿ ಹಿಡಿಯಬೇಕಾಗಿತ್ತು. ಪಟ್ಟೇವಾಲ ಇರಲಿಲ್ಲ. ತಂಗಿಯ ಗಂಡ ಸುತ್ತಿದ ಹಾಸಿಗೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ನಮ್ಮನ್ನು ಕಂಡು ಎದ್ದು, ಇದ್ದ ಒಂದು ಕುರ್ಚಿಯನ್ನು ನನ್ನ ಗಂಡನಿಗೆ ಕೊಟ್ಟರು. ನಮ್ಮವರು ಸಂಕೋಚಪಟ್ಟು ಅದರ ತುದಿಯಲ್ಲಿ ಕೂತರು.

ನಾನು ಏನಾದರೂ ಮಾತಾಡಬೇಕಲ್ಲ ಎಂದು ಕೇಳಿದೆ, "ಎಲ್ಲಾರೂ ಒಮ್ಮೆಗೇ ಬಿಡಬೇಕೇನ್ರಿ? ನಿಮ್ಮ ಖಾತೆಯೊಳಗ ಏನೂ ತಪ್ಪಾಗಿದ್ದಿಲ್ಲಲ್ಲ."

"ಖಾತೆ ಬ್ಯಾರೆ ಬ್ಯಾರೆ, ಸರ್ಕಾರ ಒಂದೇ ಅಕ್ಕಾವ್ರ" ಅಂದರು. "ಒಳಗ ಕೂತಾಗ ಒಬ್ಬೊಬ್ಬರದು ಒಂದೊಂದು ಮನಸ್ಸು ಇರ್ತದ. ಜಗಳಾಡ್ತೀವಿ. ಮೇಜು ಗುದ್ದತೀವಿ. ಬಾಗಿಲಾ ತಗದು ಹೊರಗ ಬಂದ್ವಿ ಅಂದ್ರ ಎಲ್ಲಾರದೂ ಒಂದೇ ಮಾತು. ಅದನ್ನ ಹೇಳ್ಲಿಕ್ಕೆ ಆಗದಿದ್ರ ರಾಜೀನಾಮೆ ಕೊಟ್ಟು ಹೋಗಬೇಕು. ಒಳಗ ಕೂತು ಹೊರಗ ಬ್ಯಾರೆ ಮಾತಾಡೂಹಂಗಿಲ್ಲ."

ಆತ ಇದನ್ನು ಹೇಳುವಾಗ ತಂಗಿ ಹಿತ್ತಾಳೆಯ ತಂಬಿಗೆಗಳನ್ನು ಗೋಣಿಗೆ ತುಂಬುತ್ತಿದ್ದಳು. ಕೈ ನಿಂತಿತು. ಗ್ಯಾಲರಿಯಲ್ಲಿ ಬಳೆ ಹಿಡಿದುಕೊಂಡಿದ್ದ ಅದೇ ಮುಖ.

"ಹಂಗಾದ್ರ ನಮ್ಮ ಸಾಲಿ ವಿಷಯ, ಅವತ್ತು ಒಳಗ ನೀವು..."

"ಅದನ್ನ ಕೇಳಬ್ಯಾಡ್ರಿ" ಅಂದರು, ಮೆತ್ತಗೆ. "ಕುರ್ಚಿ ಬಿಟ್ಟರೂ ಒಳಗಿನ ಮಾತು ಹೊರಗ ತರೂಹಂಗಿಲ್ಲ."

ಅವರು ಹೇಳಲಿಲ್ಲ, ಆದರೆ ನನಗೆ ತಿಳಿಯಿತು. ತಂಗಿಯ ಕಣ್ಣು ತುಂಬಿತ್ತು. ಆಕೆ ಒಂದು ವರ್ಷದ ಮೇಲೆ ನನ್ನ ಮಾತನ್ನು ನುಂಗಿಕೊಂಡಿದ್ದಳು. ಆತ ನಮ್ಮ ಪರವಾಗಿ ಒಳಗೆ ಜಗಳಾಡಿ, ಸೋತು, ಆಮೇಲೆ ಎಲ್ಲರ ಮುಂದೆ ಎದ್ದು ನಿಂತು ಆ ಸೋಲನ್ನೇ ತನ್ನ ಅಭಿಪ್ರಾಯವೆಂದು ಹೇಳಿದ್ದರು. ಎದುರಿನವರು ನಕ್ಕಿದ್ದರು. ಮೇಲಿಂದ ನಾನೂ ಶಪಿಸಿದ್ದೆ.

ಇದನ್ನು ತಿಳಿದ ಮೇಲಾದರೂ ನನ್ನ ಮನಸ್ಸು ತಿಳಿಯಾಗಬೇಕಿತ್ತು. ಆಗಲಿಲ್ಲ. ಬಂಗಲೆ ಹೋಗಿತ್ತು, ಟೆಲಿಫೋನು ಹೋಗಿತ್ತು. ಈಗ ನನಗೆ ಅಸೂಯೆ ಆದದ್ದು ಆ ಹಾಸಿಗೆಯ ಮೇಲೆ ಕೂತ ಮನುಷ್ಯನ ಬಗ್ಗೆ, ಅಂಥವನ ಹೆಂಡತಿಯಾಗಿ ತಂಬಿಗೆ ತುಂಬುತ್ತಿದ್ದವಳ ಬಗ್ಗೆ.

ಮರಳಿ ಬರುವಾಗ ಟಾಂಗಾದಲ್ಲಿ ಗಂಡನಿಗೆ ಅಂದೆ, "ನಿಮಗೂ ಎಲ್ಲಾ ಗೊತ್ತಿತ್ತು."

"ಒಳಗಿನ ಜಗಳ ನನಗೆಲ್ಲಿ ಗೊತ್ತಿರ್ತದ? ಫೈಲಿನೊಳಗಿನದು ಗೊತ್ತಿತ್ತು."

"ಆ ಅರ್ಜಿ ಮ್ಯಾಲೆ ನೀವೇನು ಬರದಿದ್ರಿ? ಕೊಡಬೇಕು ಅಂತನೋ, ಬ್ಯಾಡ ಅಂತನೋ?"

ಅವರು ರಸ್ತೆ ನೋಡುತ್ತ ನಕ್ಕರು. ಸಾಯುವವರೆಗೂ ಅದನ್ನು ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಅವರು ಎಂದಿನಂತೆ ಡಬ್ಬಿ ತೆಗೆದುಕೊಂಡು ಕಚೇರಿಗೆ ಹೊರಟರು. ನನಗೆ ಆಶ್ಚರ್ಯವಾಯಿತು. ಸರ್ಕಾರವೇ ಹೋಗಿರುವಾಗ ಕಚೇರಿ ಎಲ್ಲಿಂದ ಬಂತು?

"ಮಂತ್ರಿಗಳು ಹೋದ್ರು. ನಾವು ಹೋಗಂಗಿಲ್ಲ" ಅಂದರು ಚಪ್ಪಲಿ ಮೆಟ್ಟುತ್ತ. "ಈಗ ಗವರ್ನರು ತಾವೇ ನಡಸ್ತಾರ, ಸಲಹಾಗಾರ ಸಾಹೇಬರನ್ನ ಇಟ್ಕೊಂಡು. ಫೈಲು ಮ್ಯಾಲೆ ಹೋಗ್ತದ, ಕೆಳಗ ಬರ್ತದ. ಹಿಂದಿನಕಿಂತ ಜಲ್ದಿ ಬರ್ತದ. ಯಾರೂ ಎದ್ದು ನಿಂತು ಯಾಕ ಅಂತ ಕೇಳಂಗಿಲ್ಲಲ್ಲ. ಯಾರೂ ಎದ್ದು ನಿಂತು ಉತ್ತರ ಕೊಡೋದೂ ಇಲ್ಲ."

ಕೆಲಸ ಬೇಗ ಆಗುತ್ತದೆಂದು ಹೇಳಿದರೂ ಆ ಮುಖದಲ್ಲಿ ಗೆಲುವಿರಲಿಲ್ಲ.

ತಂಗಿಯ ಗಂಡ ಮತ್ತೆ ಜೈಲಿಗೆ ಹೋದರು. ನಲವತ್ತೆರಡರಲ್ಲಿ ಹೋದಾಗ ಆದದ್ದು ದೊಡ್ಡ ಶಿಕ್ಷೆ. ಆ ನಡುವೆ ಊರಲ್ಲಿ ಒಂದು ಮದುವೆಗೆ ಹೋಗಿದ್ದೆ. ನಾನು ಜರತಾರಿ ಸೀರೆ ಉಟ್ಟಿದ್ದೆ, ಅವಳು ಒರಟು ಖಾದಿ. ಬೀಗರು ಬಂದು ಆರತಿ ತಟ್ಟೆಯನ್ನು ಅವಳ ಕೈಗೇ ಕೊಟ್ಟರು. "ಜೈಲಿನ್ಯಾಗ ಹ್ಯಾಂಗಿದ್ದಾರ್ರಿ ಅವರು?" ಎಂದು ಕೇಳಲು ಹೆಂಗಸರು ಸರದಿ ನಿಂತರು. ನನ್ನನ್ನು ಕಂಡು, "ನಿಮ್ಮವರದು ಇನ್ನೂ ಸರ್ಕಾರಿ ನೌಕರೀನ ಅಲ್ಲಾ?" ಅಂದರು. ಹಿಂದೆ ಇದೇ ಮಾತನ್ನು ಇದೇ ಹೆಂಗಸರು ಕಣ್ಣರಳಿಸಿ ಕೇಳುತ್ತಿದ್ದರು. ಅವಳಿಗೆ ಮೋಟಾರು ಇದ್ದಾಗ ಅಸೂಯೆ ಪಟ್ಟೆ, ಮೋಟಾರು ಇಲ್ಲದಾಗಲೂ ಪಟ್ಟೆ.

ನಲವತ್ತಾರರಲ್ಲಿ ಮತ್ತೆ ಚುನಾವಣೆ ಆಗಿ ಮತ್ತೆ ಮಂತ್ರಿಮಂಡಳ ಬಂತು. ತಂಗಿಯ ಗಂಡ ಗೆದ್ದರು, ಆದರೆ ಈ ಸಲ ಅವರನ್ನು ಮಂತ್ರಿ ಮಾಡಲಿಲ್ಲ. ಪ್ರಧಾನಿಯಾದವರು ಯಾರನ್ನು ಕರೆಯುತ್ತಾರೋ ಅವರು ಮಂತ್ರಿ, ಕಾರಣ ಕೇಳುವ ಹಕ್ಕು ಯಾರಿಗೂ ಇಲ್ಲವೆಂದು ನಮ್ಮವರು ಹೇಳಿದರು. ಸಾದಾ ಸದಸ್ಯನಿಗೆ ಬಂಗಲೆ ಎಲ್ಲಿಂದ? ಮಳೆಗಾಲದ ಅಧಿವೇಶನಕ್ಕೆ ಅವರಿಬ್ಬರೂ ಬಂದು ಇಳಿದದ್ದು ನಮ್ಮ ವಾಡೆಯಲ್ಲೇ. ತಂಗಿ ನನ್ನ ಅಡಿಗೆಮನೆಯಲ್ಲಿ ಕೂತು ಹಸಿ ಕಟ್ಟಿಗೆ ಊದಿದಳು, ಹೊಗೆಯ ಮಾತು ಎತ್ತಲಿಲ್ಲ. ಷಡ್ಡಕರಿಬ್ಬರೂ ಪಡಸಾಲೆಯಲ್ಲಿ ಒಂದೇ ಚಾಪೆಯ ಮೇಲೆ ಕೂತು ಪತ್ರಿಕೆಯ ಹಾಳೆ ಹಂಚಿಕೊಂಡು ಓದುತ್ತಿದ್ದರು.

ಒಂದು ದಿನ ತಂಗಿಯ ಗಂಡ ರೇಷನ್ ಅಂಗಡಿಗಳ ಜೋಳದ ಬಗ್ಗೆ ಪ್ರಶ್ನೆ ಕೇಳುವವರಿದ್ದರು. ಅಕ್ಕತಂಗಿಯರಿಬ್ಬರೂ ಗ್ಯಾಲರಿಗೆ ಹೋದೆವು. ಮುಂದಿನ ಸಾಲಿನಲ್ಲಿ ಜಾಗ ಇರಲಿಲ್ಲ. ಅಲ್ಲಿ ಹೊಸ ಮಂತ್ರಿಯೊಬ್ಬರ ಹೆಂಡತಿ ಕೂತಿದ್ದಳು, ಚಿಕ್ಕ ವಯಸ್ಸಿನವಳು, ಎಳೆ ಹಸಿರು ಖಾದಿ ರೇಷ್ಮೆ. ಪಟ್ಟೇವಾಲ ಬಂದು ಬಗ್ಗಿ ಆಕೆಯ ಕಿವಿಯಲ್ಲಿ ಏನೋ ಹೇಳಿ ಹೋದ. ಆಕೆ ತಲೆಯಾಡಿಸಿದಳು.

ಕೆಳಗೆ ತಂಗಿಯ ಗಂಡ ಎದ್ದರು. ತಮ್ಮದೇ ಪಕ್ಷದ ಮಂತ್ರಿಯನ್ನು ಒಂದು, ಎರಡು, ಮೂರು ಸಲ ಕೇಳಿದರು. ಹುಳ ಬಿದ್ದ ಜೋಳ ಯಾರು ಕೊಂಡರು, ಯಾಕೆ ಕೊಂಡರು, ಬದಲಿಸುವುದು ಯಾವಾಗ? ಮಂತ್ರಿ ಕಾಗದ ತಿರುವಿದರು. ಹಿಂದಿನಿಂದ ಒಬ್ಬ ಅಧಿಕಾರಿ ಚೀಟಿ ಕೊಟ್ಟ. ಕೊನೆಗೆ ಮಂತ್ರಿ ತಾವೇ ಹೋಗಿ ಗೋದಾಮು ನೋಡುತ್ತೇನೆಂದು ಒಪ್ಪಿಕೊಂಡರು. ಹಿಂದಿನ ಬೆಂಚುಗಳಲ್ಲಿ ಮೇಜು ತಟ್ಟಿದರು. ಆತ ಅಷ್ಟು ಹಗುರಾಗಿ, ಅಷ್ಟು ಬಾಯಿಬಿಟ್ಟು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ.

"ಎಷ್ಟು ಛಂದ ಕೇಳಿದ್ರು ನೋಡು" ಅಂದೆ ತಂಗಿಗೆ.

ಅವಳು ಕೇಳಿಸಿಕೊಳ್ಳಲಿಲ್ಲ. ಅವಳ ಕಣ್ಣು ಮುಂದಿನ ಸಾಲಿನ ಎಳೆ ಹಸಿರು ಬೆನ್ನಿನ ಮೇಲೆ ನೆಟ್ಟಿತ್ತು. ತುಟಿ ಬಿಗಿದು, ಮೂಗಿನ ಹೊಳ್ಳೆ ಸ್ವಲ್ಪ ಅರಳಿತ್ತು. ಆ ಮುಖ ಕನ್ನಡಿಯಲ್ಲಿ ನನಗೆ ಎಷ್ಟು ವರ್ಷದಿಂದ ಪರಿಚಯ!

ಹೊರಗೆ ಬಂದು ಕಾಯಿಪಲ್ಲೆ ಮಾರುವ ಮಂಡಯಿಯ ಕಡೆ ನಡೆದೆವು, ಸಂಜೆಗೆ ಬದನೆಕಾಯಿ ಬೇಕಾಗಿತ್ತು. ತಂಗಿ ಒಮ್ಮೆಲೆ ಅಂದಳು, "ಆಕಿಗೆ ಆ ಬಣ್ಣ ಒಪ್ಪಂಗಿಲ್ಲ ಅಕ್ಕಾ."

"ಒಂದೀಟೂ ಒಪ್ಪಂಗಿಲ್ಲ" ಅಂದೆ.

"ಮತ್ತ ಆ ಪಟ್ಟೇವಾಲ ಹೇಳಿದ್ದು ಆಕಿಗೆ ತಿಳೀಲೇ ಇಲ್ಲ. ಸುಮ್ಮನ ತಲಿ ಅಲ್ಲಾಡಿಸಿದಳು. ನನಗ ಗೊತ್ತಾಗ್ತದ."

ಅವಳ ತೋಳು ಹಿಡಿದುಕೊಂಡೆ. ಆ ಹುಡುಗಿಯ ಸೀರೆ, ಕೂತ ರೀತಿ, ಕೊರಳಿನ ಸರ, ಒಂದನ್ನೂ ಬಿಡದೆ ಇಬ್ಬರೂ ಆಡಿಕೊಂಡೆವು. ಮಂಡಯಿ ಬಂದಾಗ ಕತ್ತಲಾಗುತ್ತಿತ್ತು, ಒಳ್ಳೆಯ ಬದನೆಕಾಯಿ ಎಲ್ಲ ಮುಗಿದಿದ್ದವು.